ಪಕ್ಕವಾದ್ಯದವರ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ರಾಮನವಮಿ ಸಂಗೀತ ಶುರುವಾಗಿದೆ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ‘ನಗರದಲ್ಲಿ ಇಂದು’ ಅಂಕಣ ಹುಡುಕುವವರಲ್ಲಿ ನಾನೂ ಒಬ್ಬ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನ, ಶೇಷಾದ್ರಿಪುರ, ಮಲ್ಲೇಶ್ವರ, ಎಲ್ಲಿ ನೋಡಿದರೂ ಈಗ ಸಂಜೆಯಾದರೆ ಕಚೇರಿ. ಚೆನ್ನೈನಿಂದ ಬರುತ್ತಾರೆ, ಕೇರಳದಿಂದ ಬರುತ್ತಾರೆ, ಧಾರವಾಡ, ಪುಣೆ, ಮುಂಬೈಯಿಂದಲೂ ಬರುತ್ತಾರೆ. ಇವತ್ತು ಯಾರು, ಎಲ್ಲಿ, ಎಷ್ಟು ಗಂಟೆಗೆ ಅಂತ ತಿಳಿಯಲು ನಮ್ಮಂಥವರಿಗೆ ಆ ಅಂಕಣವೇ ಗತಿ. ಅದನ್ನು ನಿಲ್ಲಿಸದೆ ಹಾಕುತ್ತಿದ್ದೀರಿ, ಅದಕ್ಕೆ ಮೊದಲು ನಿಮಗೆ ಧನ್ಯವಾದ.

ಈಗ ನನ್ನ ದೂರು. ಆ ಅಂಕಣದಲ್ಲಿ ಹಾಡುವವರ ಹೆಸರು ಇರುತ್ತದೆ. ಎಷ್ಟೋ ಸಲ ಫೋಟೋ ಕೂಡ ಇರುತ್ತದೆ. ಪಿಟೀಲು ಯಾರು, ಮೃದಂಗ ಯಾರು, ಘಟವೋ ಖಂಜಿರವೋ ಮೋರ್ಚಿಂಗೋ ಇದ್ದರೆ ಅದನ್ನು ನುಡಿಸುವವರು ಯಾರು, ಇದು ಮಾತ್ರ ಇರುವುದಿಲ್ಲ. ‘ಮತ್ತು ತಂಡದವರಿಂದ’ ಅಂತ ಮುಗಿದುಹೋಗುತ್ತದೆ. ಮೂರು ದಿನ ಬಿಟ್ಟು ಬರುವ ವಿಮರ್ಶೆಯಲ್ಲೂ ಹಾಗೇ. ಹಾಡಿದವರ ಸೀರೆಯ ಬಣ್ಣಕ್ಕೆ ಒಂದು ಸಾಲು ಸಿಗುತ್ತದೆ. ಕೊನೆಗೆ ‘ಪಕ್ಕವಾದ್ಯ ಸಹಕಾರ ಪೂರಕವಾಗಿತ್ತು’ ಅಂತ ಬರೆದು ಬಿಡುತ್ತೀರಿ. ಹಾಗೆ ನುಡಿಸಿದವರು ಯಾರು ಸ್ವಾಮಿ? ಅವರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಇದೆ.

ನಾನು ಬಳೇಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಮೃದಂಗ ರಿಪೇರಿ ಮಾಡುತ್ತೇನೆ. ನಮ್ಮಪ್ಪನಿಂದ ಬಂದ ಕೆಲಸ. ಹಾಡುವವರು ನಮ್ಮ ಅಂಗಡಿಗೆ ಬರುವುದಿಲ್ಲ, ಅವರಿಗೆ ಇಲ್ಲಿ ಕೆಲಸವಿಲ್ಲ. ಬರುವವರೆಲ್ಲ ನೀವು ಹೆಸರು ಹಾಕದೆ ಬಿಡುವ ಜನ. ಅದಕ್ಕೇ ಈ ಪತ್ರ ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಯುಗಾದಿಗೆ ಮೊದಲೇ ನಮಗೆ ಕೆಲಸ ಜಾಸ್ತಿಯಾಗುತ್ತದೆ. ಮೃದಂಗ ಅಂದರೆ ಹಲಸಿನ ಮರವನ್ನು ಕೊರೆದು ಮಾಡಿದ ಕಳಸಿಗೆ. ಅದಕ್ಕೆ ಹಸು, ಎಮ್ಮೆ, ಮೇಕೆ ಈ ಮೂರರ ಚರ್ಮ ಬೇಕು. ಬಲಗಡೆಯ ಮುಚ್ಚಿಗೆಯ (ಚರ್ಮದ ಹೊದಿಕೆಯ) ನಡುವೆ ಕಪ್ಪಗೆ ಕಾಣುವುದು ಕರಣೆ. ಕರಿಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಒಂದೊಂದೇ ಪದರ ಹಚ್ಚಬೇಕು. ಪ್ರತಿ ಪದರವನ್ನೂ ನುಣುಪು ಕಲ್ಲಿನಲ್ಲಿ ತಿಕ್ಕಿ ತಿಕ್ಕಿ ಒಣಗಿಸಬೇಕು. ಇದರಲ್ಲಿ ಅವಸರ ಮಾಡಿದರೆ ನಾದ ಸತ್ತುಹೋಗುತ್ತದೆ. ಎಡಗಡೆಗೆ ಕಚೇರಿಗೆ ಸ್ವಲ್ಪ ಮೊದಲು ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ವೇದಿಕೆಯ ಹಿಂದೆ ಆ ರವೆಯ ಡಬ್ಬಿ, ನೀರಿನ ಬಾಟಲಿ, ಗುಂಡುಕಲ್ಲು, ಮರದ ತುಂಡು ಇಟ್ಟುಕೊಂಡು ಕೂತ ಮೃದಂಗದವರನ್ನು ನೋಡಿದವರು ಕಡಿಮೆ. ಹಾಡುವವರು ಕಾಫಿ ಕುಡಿಯುವ ಹೊತ್ತಿನಲ್ಲಿ ಅವರು ಮುಚ್ಚಿಗೆಯ ಅಂಚಿನ ಜಡೆಯ ಸುತ್ತ ಒಂದೊಂದೇ ಏಟು ಹಾಕಿ ಶ್ರುತಿ ಕೂಡಿಸುತ್ತಿರುತ್ತಾರೆ.

ಅದೂ ಒಂದೇ ಮೃದಂಗದಲ್ಲಿ ಆಗುವ ಮಾತಲ್ಲ. ಗಂಡಸರ ಶ್ರುತಿಗೆ ತಗ್ಗು ಮೃದಂಗ, ಹೆಣ್ಣುಮಕ್ಕಳ ಶ್ರುತಿಗೆ ಹೆಚ್ಚು ಶ್ರುತಿಯದು, ಬೇರೆಬೇರೆ ಬೇಕು. ಹಾಗಾಗಿ ಎರಡು ಮೃದಂಗ ಹೊತ್ತುಕೊಂಡು ತಿರುಗುತ್ತಾರೆ. ವಿಮಾನದಲ್ಲಿ ಬಂದರೆ ಸಾಮಾನಿನ ಜೊತೆ ಹಾಕಬೇಕು. ಇಳಿದ ಮೇಲೆ ಕರಣೆ ಬಿರುಕು ಬಿಟ್ಟಿದೆಯೋ ಅಂತ ಎದೆ ಹೊಡೆದುಕೊಳ್ಳುತ್ತಲೇ ಚೀಲ ಬಿಚ್ಚುತ್ತಾರೆ. ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಇನ್ನೊಂದು ಕಾಟ. ಮಧ್ಯಾಹ್ನ ಸುಡು ಬಿಸಿಲು, ಚರ್ಮ ಒಣಗಿ ಬಿಗಿಯುತ್ತದೆ, ಶ್ರುತಿ ಏರುತ್ತದೆ. ಸಂಜೆ ಇದ್ದಕ್ಕಿದ್ದ ಹಾಗೆ ಗುಡುಗು, ಮಾವಿನ ಮಳೆ. ಗಾಳಿಯಲ್ಲಿ ತೇವ ಬಂತು ಅಂದರೆ ಮುಚ್ಚಿಗೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಪೆಂಡಾಲಿನ ತಗಡಿನ ಮೇಲೆ ಮಳೆ ಬೀಳುತ್ತಿದ್ದರೆ ಕೇಳುವವರಿಗೆ ಅದೊಂದು ಸಂತೋಷ. ಮೃದಂಗದವರಿಗೆ ಮಾತ್ರ ಒಂದೊಂದು ಕೃತಿ ಮುಗಿದಾಗಲೂ ಕಲ್ಲು ಹಿಡಿಯುವ ಕೆಲಸ. ಎಸಿ ಸಭಾಂಗಣದಲ್ಲಿ ಬೇರೆ ತರಹದ ತೊಂದರೆ. ಖಂಜಿರದವರು ನೀರು ಚಿಮುಕಿಸಿ ಶ್ರುತಿ ಇಳಿಸಿಕೊಳ್ಳುತ್ತಾರೆ, ಅದು ಒಣಗಿದ ಕೂಡಲೇ ಮತ್ತೆ ಏರುತ್ತದೆ. ಹಿಂದೆ ಅದಕ್ಕೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಹೋಯಿತು, ಹೋಗಿದ್ದು ಒಳ್ಳೆಯದೇ.

ಇದೆಲ್ಲ ವಾದ್ಯದ ಕಥೆಯಾಯಿತು. ನುಡಿಸುವವರ ಕಥೆ ಇನ್ನೂ ದೊಡ್ಡದು. ಹೊರಊರಿನಿಂದ ಗಾಯಕರು ಬರುತ್ತಾರೆ. ನಮ್ಮೂರಿನ ಪಿಟೀಲು, ನಮ್ಮೂರಿನ ಮೃದಂಗ ಹಾಕಿರುತ್ತಾರೆ. ಇವರು ಒಬ್ಬರ ಮುಖ ಒಬ್ಬರು ನೋಡುವುದೇ ಎಷ್ಟೋ ಸಲ ವೇದಿಕೆಯ ಹಿಂದಿನ ಕೋಣೆಯಲ್ಲಿ. ರಿಹರ್ಸಲ್ ಇಲ್ಲ. ಯಾವ ಕೃತಿ ಅಂತ ಎಲ್ಲರೂ ಮೊದಲೇ ಹೇಳುವುದಿಲ್ಲ. ಗಾಯಕರು ಒಂದು ರಾಗವನ್ನು ಹತ್ತು ನಿಮಿಷ ಹಾಡಿ ನಿಲ್ಲಿಸುತ್ತಾರೆ. ಪಿಟೀಲಿನವರು ಅಲ್ಲಿಂದಲೇ ಎತ್ತಿಕೊಂಡು ಅದೇ ರಾಗವನ್ನು ತಮ್ಮ ದಾರಿಯಲ್ಲಿ ಕಟ್ಟಬೇಕು. ಗಾಯಕರನ್ನು ಮೀರಬಾರದು, ಸುಮ್ನೆ ಹಿಂದೆ ಹಿಂದೆ ಹೋಗಲೂ ಬಾರದು. ಒಂದೇ ಸಾಲನ್ನು ಹಿಡಿದು ಬೆಳೆಸುವ ರಾಗ ತಾನ ಪಲ್ಲವಿ ಹಿಡಿದರಂತೂ, ಪಲ್ಲವಿಯ ಎಡುಪು, ಅಂದರೆ ತಾಳದಲ್ಲಿ ಅದು ಶುರುವಾಗುವ ಜಾಗ, ಎಲ್ಲಿದೆ ಅಂತ ಮೃದಂಗದವರು ಒಂದೆರಡು ಸಲ ಕೇಳುವುದರಲ್ಲೇ ಹಿಡಿಯಬೇಕು. ಸಾವಿರಾರು ಜನರ ಎದುರಿಗೆ, ಗುರುತೇ ಇಲ್ಲದವರ ಮನಸ್ಸು ಓದುವ ಕೆಲಸ ಇದು. ಇದನ್ನು ‘ಸಹಕಾರ’ ಅನ್ನುವ ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಾ?

ಈ ಊರಿಗೆ ಇದು ಹೊಸ ಪಾಠವೂ ಅಲ್ಲ. ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತ ನಡೆಸುವ ಶ್ರೀರಾಮಸೇವಾ ಮಂಡಳಿಯನ್ನು ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು ಚಾಮರಾಜಪೇಟೆಯಲ್ಲಿ 1939ರಲ್ಲಿ ಶುರು ಮಾಡಿದರು. ಆ ಕಾಲದ ಮಾತು ಬಂದರೆ ನಮ್ಮ ಅಂಗಡಿಯಲ್ಲಿ ಮೂರು ಹೆಸರು ಒಟ್ಟಿಗೇ ಬರುತ್ತಿದ್ದವು: ಹಾಡುವ ಚೆಂಬೈ, ಪಿಟೀಲಿನ ಚೌಡಯ್ಯ, ಮೃದಂಗದ ಪಾಲ್ಘಾಟ್ ಮಣಿ ಅಯ್ಯರ್. ಬರೀ ಚೆಂಬೈ ಕಚೇರಿ ಅಂತ ಯಾರೂ ಹೇಳುತ್ತಿರಲಿಲ್ಲ. ಚೆಂಬೈ ವೈದ್ಯನಾಥ ಭಾಗವತರು ಪಕ್ಕವಾದ್ಯದವರಿಗೆ ಧಾರಾಳವಾಗಿ ಜಾಗ ಬಿಟ್ಟುಕೊಟ್ಟವರು. ಚಿಕ್ಕ ಹುಡುಗನಾಗಿದ್ದ ಮಣಿ ಅಯ್ಯರ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳೆಸಿದವರು ಅವರೇ. ಹಾಗೆ ಬೆಳೆದ ಮಣಿ ಅಯ್ಯರ್ ಮೃದಂಗದ ದಿಕ್ಕನ್ನೇ ಬದಲಿಸಿದರು. ಮೈಕಿನಿಂದ ನಾದ ಕೆಡುತ್ತದೆ ಅಂತ ಮೈಕಿಲ್ಲದ ಕಚೇರಿಗೆ ಹಟ ಹಿಡಿದವರು ಅವರು. ಮದರಾಸಿನ ಮ್ಯೂಸಿಕ್ ಅಕಾಡೆಮಿ ಮೊದಲ ಬಾರಿಗೆ ಒಬ್ಬ ಮೃದಂಗದವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿದ್ದು 1966ರಲ್ಲಿ, ಅದು ಮಣಿ ಅಯ್ಯರ್ ಅವರಿಗೇ. ಅಲ್ಲಿಯವರೆಗೆ ಹಾಡುವವರ ಹಿಂದೆ ಕೂತು ಜೀವ ತೇಯ್ದ ಮೃದಂಗದವರೆಲ್ಲ ಆ ಪಟ್ಟಿಯ ಹೊರಗೇ ಉಳಿದರು.

ಚೌಡಯ್ಯನವರು ನಮ್ಮವರು. ತಿರುಮಕೂಡಲು ನರಸೀಪುರದವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯ. ಮೈಕಿಲ್ಲದ ದಿನಗಳಲ್ಲಿ ಹಿಂದಿನ ಸಾಲಿನವರೆಗೂ ಪಿಟೀಲು ಕೇಳಲಿ ಅಂತ ನಾಲ್ಕು ತಂತಿಯ ಜಾಗದಲ್ಲಿ ಏಳು ತಂತಿ ಕಟ್ಟಿದರು. ಅರಿಯಕ್ಕುಡಿ ಅವರಂಥ ಮಹಾ ಗಾಯಕರಿಗೆಲ್ಲ ಪಕ್ಕದಲ್ಲಿ ಕೂತು ನುಡಿಸಿದವರು. ಸೋಲೋ ನುಡಿಸಿದರು, ಕೃತಿಗಳನ್ನೂ ರಚಿಸಿದರು. ಆದರೂ ಅವರು ಬದುಕಿನ ಬಹುಪಾಲು ಕಳೆದಿದ್ದು ಪಕ್ಕವಾದ್ಯದಲ್ಲಿ. 1980ರಲ್ಲಿ ಮಲ್ಲೇಶ್ವರದ ಹತ್ತಿರ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣಕ್ಕೆ ಅವರ ಹೆಸರಿಟ್ಟಿದ್ದೇವೆ. ಹಾಗಿರುವಾಗ ಅದೇ ಸಭಾಂಗಣದಲ್ಲಿ ಇವತ್ತು ಪಿಟೀಲು ಹಿಡಿದು ಕೂತವರ ಹೆಸರು ನಾಳೆಯ ಪೇಪರಿನಲ್ಲಿ ಇಲ್ಲ ಅಂದರೆ ನನಗೆ ಬೇಜಾರಾಗುತ್ತದೆ.

ಹೆಸರು ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಅಂತ ಕೇಳಬಹುದು. ಆಗುತ್ತದೆ. ಅದನ್ನು ನೋಡಬೇಕಾದರೆ ಮೃದಂಗ, ಘಟದವರಷ್ಟೇ ನುಡಿಸುವ ತನಿ ಆವರ್ತನದ ಹೊತ್ತಿನಲ್ಲಿ ಯಾವುದೇ ಸಭಾದ ಹಿಂದೆ ಹೋಗಿ ನಿಲ್ಲಬೇಕು. ಮುಖ್ಯ ಕೃತಿ ಮುಗಿಯುತ್ತದೆ, ಸ್ವರ ಮುಗಿಯುತ್ತದೆ, ಗಾಯಕರು ಮೃದಂಗದ ಕಡೆ ಕೈ ತೋರಿಸುತ್ತಾರೆ. ಅಷ್ಟೇ, ಕುರ್ಚಿಗಳು ಕಿರ್ ಅಂತವೆ. ಅರ್ಧ ಪೆಂಡಾಲು ಎದ್ದು ಕಾಫಿ, ಬೋಂಡದ ಕಡೆ ಹೊರಡುತ್ತದೆ. ಫೋನು ಕಿವಿಗೆ ಹೋಗುತ್ತದೆ. ಗಾಯಕರೇ ಪಕ್ಕಕ್ಕೆ ತಿರುಗಿ ಯಾರ ಜೊತೆಗೋ ಮಾತಾಡುವುದನ್ನೂ ಕಂಡಿದ್ದೇನೆ, ಅದು ಇನ್ನೂ ನೋವು. ಎರಡು ಗಂಟೆ ಬೇರೆಯವರ ಹಾಡನ್ನು ಹೊತ್ತು ನಡೆಸಿದವನಿಗೆ ತನ್ನ ಮಾತು ಹೇಳಲು ಸಿಗುವುದು ಅದೊಂದೇ ಹೊತ್ತು. ಆಗ ಎದುರಿಗೆ ಬೆನ್ನುಗಳು.

ಎದ್ದು ಹೋಗುವವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರಿಗೆ ಅಲ್ಲಿ ಕೂತಿರುವುದು ಯಾರು ಅಂತಲೇ ಗೊತ್ತಿಲ್ಲ. ಯಾರೂ ಅವರಿಗೆ ಹೇಳಿಲ್ಲ. ಬೆಳಿಗ್ಗೆ ಪೇಪರಿನಲ್ಲಿ ಇಂಥವರ ಮೃದಂಗ, ಇಂಥವರ ಘಟ ಅಂತ ಓದಿದ್ದರೆ, ಹೋದ ವರ್ಷವೂ ಇವರನ್ನು ಕೇಳಿದ್ದೆ ಅಲ್ವಾ ಅಂತ ನೆನಪಾಗುತ್ತಿತ್ತು. ನೆನಪಾದರೆ ಕೂರುತ್ತಾರೆ.

ಒಂದು ಸಲ ಕೂತರೆ ಆಮೇಲೆ ಏಳುವುದು ಕಷ್ಟ. ತನಿ ಅಂದರೆ ಸುಮ್ನೆ ಜೋರಾಗಿ ಬಾರಿಸುವುದಲ್ಲ. ಲೆಕ್ಕ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ತೊಡೆಯ ಮೇಲೆ ಆದಿತಾಳ ಹಾಕಿಕೊಂಡು ಕೂತರೆ ಸಾಕು. ಮೃದಂಗದವರು ಮೊದಲು ನಿಧಾನವಾಗಿ ಶುರು ಮಾಡುತ್ತಾರೆ. ಗುಂಕಿ, ಚಾಪು, ಮೀಟು ಎಲ್ಲ ಹೊಡೆತಗಳನ್ನೂ ಬಿಡಿಬಿಡಿಯಾಗಿ ಕೇಳಿಸುತ್ತಾರೆ. ಆಮೇಲೆ ಘಟದವರ ಸರದಿ. ಅವರು ಅದನ್ನೇ ಎತ್ತಿಕೊಂಡು ಬೇರೆ ಮಾತು ಹೇಳುತ್ತಾರೆ. ಎರಡನೆಯ ಸುತ್ತಿನಲ್ಲಿ ನಡೆ ಬದಲಾಗುತ್ತದೆ. ನಾಲ್ಕರ ಜಾಗದಲ್ಲಿ ಮೂರು ಬರುತ್ತದೆ, ಐದು ಬರುತ್ತದೆ, ಕೆಲವರು ಏಳಕ್ಕೂ ಹೋಗುತ್ತಾರೆ, ತಾಳ ಮಾತ್ರ ಅಲ್ಲಾಡುವುದಿಲ್ಲ. ಆಮೇಲೆ ಬರುವುದು ಕೊರೈಪು. ಇವರು ತಾಳದ ನಾಲ್ಕು ಆವರ್ತ (ಸುತ್ತು) ನುಡಿಸಿದರೆ ಅವರು ನಾಲ್ಕು. ಇವರು ಎರಡು, ಅವರು ಎರಡು. ಒಂದೊಂದು, ಅರ್ಧರ್ಧ, ಕಾಲುಕಾಲು. ಗುರುತಿಲ್ಲದ ಇಬ್ಬರು ಜಗಲಿಯ ಮೇಲೆ ಕೂತು ಮಾತಿಗೆ ಮಾತು ಕೊಡುತ್ತಾ ಅರ್ಧ ಗಂಟೆಯಲ್ಲಿ ಹಳೇ ಸ್ನೇಹಿತರಾದ ಹಾಗೆ ಇರುತ್ತದೆ ಅದು. ಕೊನೆಗೆ ಇಬ್ಬರೂ ಸೇರಿ, ಮುಗಿಸುವ ಸೂಚನೆಯಾದ ಮೋಹರ ನುಡಿಸಿ, ಮುಕ್ತಾಯವನ್ನು ಮೂರು ಸಲ ಹೇಳಿ, ಕೃತಿಯ ಎಡುಪಿಗೆ ಸರಿಯಾಗಿ ಬಂದು ಬೀಳುತ್ತಾರೆ. ಗಾಯಕರು ಅದೇ ಕ್ಷಣದಲ್ಲಿ ಪಲ್ಲವಿಯ ಸಾಲು ಎತ್ತುತ್ತಾರೆ. ಇದನ್ನು ಒಂದು ಸಲ ಮನಸ್ಸಿಟ್ಟು ಕೇಳಿದವರು ಮುಂದೆ ಬೋಂಡಕ್ಕೆ ಬೇರೆ ಹೊತ್ತು ನೋಡಿಕೊಳ್ಳುತ್ತಾರೆ.

ಕೇಳುವವರು ಏಳುತ್ತಾರೆ ಅಂತ ಸಭಾದವರು ತನಿಯ ಹೊತ್ತನ್ನು ಕಡಿಮೆ ಮಾಡುತ್ತಾ ಬಂದಿದ್ದಾರೆ. ಈಗ ಹತ್ತು ನಿಮಿಷ ಸಿಕ್ಕರೆ ದೊಡ್ಡದು ಅನ್ನುತ್ತಾರೆ ನಮ್ಮ ಅಂಗಡಿಗೆ ಬರುವ ಹುಡುಗರು. ಒಂದು ಕಡೆ (ಸಭಾದ ಹೆಸರು ಬೇಡ) ಕಚೇರಿಯನ್ನು ಅರ್ಧಕ್ಕೆ ನಿಲ್ಲಿಸಿ ಸನ್ಮಾನ ಮಾಡಿದರು. ಹಾರ, ಶಾಲು, ಪೇಟ, ಭಾಷಣ. ಅಷ್ಟು ಹೊತ್ತೂ ಮೃದಂಗದ ಹುಡುಗ ಮುಚ್ಚಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ಭಾಷಣಕ್ಕೆ ಹೋದ ಹೊತ್ತನ್ನು ಕೊನೆಗೆ ಹಿಡಿದಿದ್ದು ಎಲ್ಲಿ? ಅವನ ತನಿಯಲ್ಲಿ. ಎರಡೇ ನಿಮಿಷದಲ್ಲಿ ಮುಗಿಸು ಅಂತ ವೇದಿಕೆಯ ಪಕ್ಕದಿಂದ ಬೆರಳು ತೋರಿಸಿದರು. ಆ ಹುಡುಗ ಆ ಒಂದು ಸಂಜೆಗಾಗಿ ಹೊಸ ಕರಣೆ ಹಾಕಿಸಿಕೊಂಡು ಹೋಗಿದ್ದ. ಹಾಕಿದವನು ನಾನೇ, ಅದಕ್ಕೇ ಗೊತ್ತು.

ಆಕಾಶವಾಣಿಯನ್ನು ನೋಡಿ. ಬೆಂಗಳೂರು ನಿಲಯ 1955ರಿಂದ ಇದೆ, ಮೈಸೂರಿನದು ಅದಕ್ಕೂ ಹಳೆಯದು. ಸಂಗೀತ ಕಚೇರಿ ಶುರುವಾಗುವ ಮೊದಲು ಹೇಳುತ್ತಾರೆ: ಗಾಯನ ಇಂಥವರು, ಪಿಟೀಲಿನಲ್ಲಿ ಇಂಥವರು, ಮೃದಂಗದಲ್ಲಿ ಇಂಥವರು. ಮುಗಿದ ಮೇಲೂ ಇನ್ನೊಮ್ಮೆ ಹೇಳುತ್ತಾರೆ. ಹತ್ತು ಸೆಕೆಂಡಿನ ಮಾತು. ರೇಡಿಯೋ ಇಟ್ಟುಕೊಂಡೇ ಕೆಲಸ ಮಾಡುವ ನಮ್ಮಂಥವರು ಊರಿನ ಎಲ್ಲ ಪಕ್ಕವಾದ್ಯದವರ ಹೆಸರು ಕಲಿತಿದ್ದು ಹಾಗೆ. ಯಾವ ಕೈ ಯಾರದು ಅಂತ ಕೇಳಿಯೇ ಹೇಳುವಷ್ಟು ಕಲಿತೆವು. ಈಗ ಮೊಬೈಲಿನಲ್ಲಿ ಕಚೇರಿ ನೇರಪ್ರಸಾರ ಬರುತ್ತದೆ, ಮೇಲೆ ದೊಡ್ಡದಾಗಿ ಹಾಡುವವರ ಹೆಸರು ಮಾತ್ರ. ರೇಡಿಯೋ ಮಾಡಿದ್ದನ್ನು ಪೇಪರ್ ಮಾಡಬಾರದಾ?

ಜಾಗ ಇಲ್ಲ ಅಂತ ನೀವು ಹೇಳಬಹುದು. ಪೇಪರಿನ ಕಷ್ಟ ನನಗೆ ಪೂರ್ತಿ ಗೊತ್ತಿಲ್ಲದಿರಬಹುದು, ಆದರೆ ಓದುವವನಾಗಿ ಒಂದು ಮಾತು. ‘ಅಂತಾರಾಷ್ಟ್ರೀಯ ಖ್ಯಾತಿಯ’ ಅನ್ನುವುದನ್ನು ಬಿಟ್ಟರೆ ಒಬ್ಬ ಪಿಟೀಲಿನವರ ಹೆಸರು ಹಿಡಿಸುತ್ತದೆ. ಉದ್ಘಾಟನೆ ಯಾರು, ಅಧ್ಯಕ್ಷತೆ ಯಾರು, ಮುಖ್ಯ ಅತಿಥಿ ಯಾರು ಅಂತ ಹುದ್ದೆಯ ಸಮೇತ ಹಾಕುತ್ತೀರಿ. ಅವರು ವೇದಿಕೆಯ ಮೇಲೆ ಇರುವುದು ಕಾಲು ಗಂಟೆ, ಮೃದಂಗದವರು ಇರುವುದು ಮೂರು ಗಂಟೆ. ಹೆಸರು ಹುಡುಕಿಕೊಂಡು ನೀವು ಎಲ್ಲಿಗೂ ಹೋಗಬೇಕಾಗಿಲ್ಲ. ಸಭಾದವರು ಅಚ್ಚು ಹಾಕಿಸುವ ಕರಪತ್ರದಲ್ಲಿ ನಾಲ್ಕೂ ಹೆಸರು ಸಾಲಾಗಿ ಇರುತ್ತವೆ. ಗಾಯನ, ಪಿಟೀಲು, ಮೃದಂಗ, ಘಟ. ಆ ಸಾಲನ್ನು ಹಾಗೇ ಹಾಕಿದರೆ ಸಾಕು.

ಹಿಂದೂಸ್ತಾನಿ ಕಚೇರಿಗೂ ಇದೇ ಮಾತು. ಧಾರವಾಡದ ಗಾಯಕರು ಬಂದಾಗ ತಬಲಾ, ಹಾರ್ಮೋನಿಯಂ, ಹಿಂದೆ ತಾನ್ಪುರ ಹಿಡಿದು ಕಂಠ ಸೇರಿಸುವ ಶಿಷ್ಯರು, ಎಲ್ಲರದೂ ಹೆಸರು ಬರಲಿ. ನಾಗಸ್ವರದವರು ಬಂದರೆ ಡೋಲಿನವರನ್ನು ಬಿಡಬೇಡಿ. ಡೋಲಿಲ್ಲದೆ ನಾಗಸ್ವರದ ಕಚೇರಿ ಎಲ್ಲಾದರೂ ಉಂಟಾ? ತಾಳವಾದ್ಯ ಕಚೇರಿಯಲ್ಲಿ ಐದಾರು ಜನ ಕೂತಿರುತ್ತಾರೆ, ನಡುವೆ ಕೂತ ಹಿರಿಯರೊಬ್ಬರ ಹೆಸರು ಹಾಕಿ ಉಳಿದವರನ್ನು ಬಿಟ್ಟರೆ ಆ ಕಚೇರಿಗೆ ಅರ್ಥವೇ ಇಲ್ಲ.

ಹೆಣ್ಣುಮಕ್ಕಳ ವಿಷಯ ಹೇಳದೆ ಇರಲಾರೆ. ಘಟದ ವಿದ್ವಾನ್ ವಿಕ್ಕು ವಿನಾಯಕರಾಂ ಅವರ ಶಿಷ್ಯೆ ಸುಕನ್ಯಾ ರಾಮಗೋಪಾಲ್ ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಹೆಣ್ಣು ಘಟ ನುಡಿಸುವುದಾ ಅಂತ ಕೇಳುತ್ತಿದ್ದ ಕಾಲದಲ್ಲಿ ಆ ವಾದ್ಯ ಹಿಡಿದವರು. ಹೆಣ್ಣು ಅನ್ನುವ ಕಾರಣಕ್ಕೇ ತಪ್ಪಿಹೋದ ಕಚೇರಿಗಳ ಬಗ್ಗೆ ಅವರೇ ಹೇಳಿಕೊಂಡಿದ್ದಾರೆ. ಆದರೂ ಬಿಡಲಿಲ್ಲ, ಹೆಂಗಸರದ್ದೇ ಲಯವಾದ್ಯದ ತಂಡ ಕಟ್ಟಿದರು. ಈಗ ನಮ್ಮ ಅಂಗಡಿಗೆ ಮೃದಂಗ ಹೆಗಲಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹುಡುಗಿಯರು ಬರುತ್ತಾರೆ. ಬಾರು ಹೇಗೆ ಬಿಗಿಯುವುದು, ಎಡಗಡೆಗೆ ರವೆ ಎಷ್ಟು ಅಂತ ಕೂತು ಕೇಳುತ್ತಾರೆ. ಅಂಥ ಹುಡುಗಿಯ ಹೆಸರು ಒಂದು ದಿನ ಪೇಪರಿನಲ್ಲಿ ಬಂದರೆ ಅವಳ ಮನೆಯಲ್ಲಿ ಅದನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮುಂದಿನ ವರ್ಷವೂ ಮಗಳನ್ನು ಪಾಠಕ್ಕೆ ಕಳಿಸುತ್ತಾರೆ. ಪಾಠ ಬಿಡಿಸಿದ ಮನೆಗಳನ್ನೂ ನೋಡಿದ್ದೇನೆ. ‘ಎಷ್ಟು ನುಡಿಸಿದರೂ ಹೆಸರಿಲ್ಲ’ ಅನ್ನುವುದೇ ಅಲ್ಲಿ ಮೊದಲ ಮಾತಾಗಿರುತ್ತದೆ.

ಸಂಭಾವನೆಯ ಮಾತನ್ನು ನಾನು ಎತ್ತುವುದಿಲ್ಲ, ಅದು ಸಭಾದವರಿಗೂ ಕಲಾವಿದರಿಗೂ ಬಿಟ್ಟಿದ್ದು. ಆದರೆ ಇಷ್ಟು ಹೇಳಬಹುದು: ಹೆಸರು ಕಾಣದವರು ಸಂಭಾವನೆ ಜಾಸ್ತಿ ಕೇಳಲಾರರು. ಹೊರಊರಿನ ಗಾಯಕರು ಈಚೆಗೆ ತಮ್ಮದೇ ಪಕ್ಕವಾದ್ಯದವರನ್ನು ಜೊತೆಗೆ ಕರೆದುಕೊಂಡು ಬರುವುದು ಜಾಸ್ತಿಯಾಗಿದೆ. ಒಟ್ಟಿಗೆ ಅಭ್ಯಾಸ ಆಗಿರುತ್ತದೆ, ಅದರಲ್ಲಿ ತಪ್ಪಿಲ್ಲ. ಬಂದವರ ಹೆಸರೂ ಹಾಕಿ. ಅವರೂ ರಾತ್ರಿಯ ರೈಲಿನಲ್ಲಿ ಮೃದಂಗ ಕಾಯುತ್ತಾ ಬಂದವರೇ. ಆದರೆ ನಮ್ಮೂರಿನಲ್ಲಿ ಯಾರು ಇದ್ದಾರೆ, ಹೇಗೆ ನುಡಿಸುತ್ತಾರೆ ಅಂತ ಹೊರಗಿನ ಗಾಯಕರಿಗೆ ತಿಳಿಯುವುದು ಹೇಗೆ? ಇಲ್ಲಿಯ ಪೇಪರಿನಲ್ಲೇ ಅವರ ಹೆಸರು ಇಲ್ಲದಿದ್ದರೆ ಅಲ್ಲಿಯವರು ಯಾರನ್ನು ಕೇಳಬೇಕು?

ಈ ವರ್ಷದ ಸಂಗೀತ ಇನ್ನೂ ಮುಗಿದಿಲ್ಲ. ಹೇಗೂ ದಿನವೂ ಅಂಕಣ ಹಾಕುತ್ತೀರಿ. ನಾಳೆಯಿಂದಲೇ ಶುರು ಮಾಡಬಹುದು. ವಿಮರ್ಶೆ ಬರೆಯುವವರಿಗೂ ಒಂದು ಮಾತು ಹೇಳಿ: ತನಿ ಮುಗಿಯುವವರೆಗೆ ಕೂತು, ಯಾವ ತಾಳ, ಯಾವ ನಡೆ, ಯಾರು ಹೇಗೆ ಮುಗಿಸಿದರು ಅಂತ ಎರಡು ಸಾಲು ಬರೆಯಲಿ. ಚೆನ್ನಾಗಿರಲಿಲ್ಲ ಅಂದರೆ ಹಾಗೇ ಬರೆಯಲಿ, ಹೆಸರು ಹಾಕಿಯೇ ಬರೆಯಲಿ. ಬೈಸಿಕೊಳ್ಳುವುದಕ್ಕೂ ನಮ್ಮ ಹುಡುಗರು ತಯಾರಿದ್ದಾರೆ.

ನನ್ನ ಹೆಸರು, ವಿಳಾಸ ಲಕೋಟೆಯ ಮೇಲೆ ಬರೆದಿದ್ದೇನೆ. ಪತ್ರ ಹಾಕುವಾಗ ಜಾಗ ಸಾಲದಿದ್ದರೆ ಅದನ್ನು ಬಿಟ್ಟು, ಇವತ್ತು ಸಂಜೆ ಮೃದಂಗ ನುಡಿಸುವವರ ಹೆಸರು ಹಾಕಿ.

ಇಂತಿ,
ಬಳೇಪೇಟೆಯ ಒಬ್ಬ ಓದುಗ, ಬೆಂಗಳೂರು